ಇನ್ನೂರು ಪುಟ ದಾಟಿದರೆ

ನಿಶ್ಚಿತಾರ್ಥದ ದಿನ ಹುಡುಗ ತನ್ನ ಮೆಚ್ಚಿನ ಕಾದಂಬರಿಯನ್ನು ತಂದು ಅವಳ ಕೈಗಿಟ್ಟ. ಒಳ್ಳೇ ಇಟ್ಟಿಗೆಯಷ್ಟು ದಪ್ಪ.

“ಮೊದಲ ಇನ್ನೂರು ಪುಟ ಹೇಗಾದ್ರೂ ಸಹಿಸ್ಕೊಳ್ಳಿ. ಆಮೇಲೆ ಕೆಳಗಿಡೋಕೆ ಮನಸ್ಸೇ ಬರಲ್ಲ. ಇದೇ ಪ್ರತೀನ ನಾನು ಮೂರು ಸಲ ಓದಿದ್ದೀನಿ, ಮೂರು ಸಲಾನೂ ಕೊನೇಲಿ ಅತ್ತಿದ್ದೀನಿ. ಕೊನೆ ಮಾತ್ರ ಮೊದಲೇ ನೋಡ್ಬೇಡಿ, ನನ್ನಾಣೆ.”

ಆಣೆಗೆ ಕಟ್ಟುಬಿದ್ದು ಅವಳು ಮೊದಲಿನಿಂದಲೇ ಓದತೊಡಗಿದಳು. ಕತೆ ಮುಂದಕ್ಕೇ ಹೋಗಲೊಲ್ಲದು. ಊರು ಬಿಡುತ್ತೇನೆಂದು ಎದ್ದ ನಾಯಕ ಐವತ್ತು ಪುಟವಾದರೂ ಹೊಸ್ತಿಲು ದಾಟಿರಲಿಲ್ಲ. ಫೋನಿನಲ್ಲಿ ಹುಡುಗನ ಮಾತೂ ಅದೇ ಥರ. ಊಟ ಆಯ್ತಾ, ಎಷ್ಟನೇ ಪುಟ, ಅಷ್ಟೇ.

“ಅಮ್ಮಾ, ಯಾಕೋ ಇದು ನನಗೆ ಸರಿಹೋಗಲ್ಲ ಅನ್ಸುತ್ತೆ.”

“ಪುಸ್ತಕ ಸರಿಹೋಗಲ್ವಾ, ಹುಡುಗ ಸರಿಹೋಗಲ್ವಾ?”

ಅವಳು ಪುಸ್ತಕ ಮುಚ್ಚಿ ಮಗ್ಗುಲಿಗಿಟ್ಟಳು.

“ಶುರೂಲಿ ಎಲ್ಲಾ ಹಾಗೇ ಕಣೇ,” ಎಂದಳು ಅಮ್ಮ. “ಕಾರ್ಡು ಹಂಚಿ ಆಗಿದೆ. ಸ್ವಲ್ಪ ತಾಳ್ಕೋ.”

ತಾಳಿಕೊಂಡಳು. ಮನೆ ಮುಂದೆ ಚಪ್ಪರ ಏಳುತ್ತಿದ್ದಾಗ ಇನ್ನೂರನೇ ಪುಟದ ಕೊನೆಗೆ ಬಂದಳು. ಅದೇ ಹೊತ್ತಿಗೆ ಅವನ ಫೋನು.

“ಇನ್ನೂರು ಮುಗೀತು.”

“ಹೌದಾ! ಇನ್ನು ನಿಮ್ಮನ್ನ ಹಿಡಿಯೋರಿಲ್ಲ. ಮುಂದಿನ ಕತೆ ನೆನೆಸ್ಕೊಂಡ್ರೇ ನನಗೆ ಕಣ್ಣು ತುಂಬುತ್ತೆ. ತಿರುಗಿಸಿ, ತಿರುಗಿಸಿ!”

ಅವಳು ಮುಂದಿನ ಪುಟಕ್ಕೆ ಹೊರಳಿದಳು. ಎದುರಿಗೆ ಮತ್ತೆ ಒಂದನೇ ಪುಟವಿತ್ತು. ಫೋನು ಕಿವಿಗಿಟ್ಟುಕೊಂಡೇ ಗಾಬರಿಯಿಂದ ಕೊನೆಯವರೆಗೂ ಮಗುಚಿದಳು: ಬೈಂಡ್ ಮಾಡಿದವರು ಅವೇ ಇನ್ನೂರು ಪುಟಗಳನ್ನು ಎರಡು ಸಲ ಸೇರಿಸಿ ಹೊಲಿದಿದ್ದರು, ಅದರಾಚೆ ಬರೀ ರಟ್ಟು.