ಕಂದಕಕ್ಕೆ ಬಿದ್ದ ಮರಿ

ಆನೆಗಳ ಮನಸ್ಸಿನಲ್ಲಿರುವುದನ್ನು ಮನುಷ್ಯರ ಮಾತಾಗಿಸುವ ಪಟ್ಟಿಯನ್ನು ಅವುಗಳ ಕೊರಳಿಗೆ ಕಟ್ಟಿ ಕೆಲವು ವರ್ಷಗಳಾಗಿದ್ದವು. ಎರಡು ರಾಜ್ಯಗಳು ಕೂಡಿ ನೋಡಿಕೊಳ್ಳುವ ಆ ಬೆಟ್ಟದ ಕಾಡಿನಲ್ಲಿ ಆನೆ ಮಾತಾಡಿದರೆ ಈಗ ಯಾರೂ ಬೆರಗಾಗುತ್ತಿರಲಿಲ್ಲ.

ಆ ಬೆಳಿಗ್ಗೆ ಗಡಿಕಲ್ಲಿನ ಪಕ್ಕ ಹಾದುಹೋಗುವ ಕಂದಕಕ್ಕೆ ಮರಿಯಾನೆಯೊಂದು ಬಿದ್ದಿತ್ತು. ಈ ಕಡೆಯ ಅರಣ್ಯಾಧಿಕಾರಿ ದೇಚಮ್ಮ ಬಗ್ಗಿ ನೋಡಿ, ಆಚೆ ರಾಜ್ಯದ ಅಧಿಕಾರಿ ಬಿಂದುವಿಗೆ ಹೇಳಿದಳು, "ಕಲ್ಲಿನಿಂದ ಆಚೆಗೇ ಬಿದ್ದಿದೆ. ನಿಮ್ಮವರೇ ಜೆಸಿಬಿ ತರಿಸ್ಲಿ, ಮಾರಾಯ್ತಿ."

"ಕಂದಕ ತೋಡಿದ್ದು ನಿಮ್ಮವರಲ್ವಾ ಚೇಚಿ?" ಮಲಯಾಳದಲ್ಲಿ ಅಕ್ಕ ಎಂದು ಕರೆಯುತ್ತಲೇ ಬಿಂದು ತಿರುಗಿ ಕೇಳಿದಳು. "ಬೇಕಾದ್ರೆ ಜಂಟಿ ಸಮಿತಿ ಸಭೆ ಕರೆಯೋಣ."

"ಕರೀರಿ. ನಾನೂ ಬಂದು ಇದನ್ನೇ ಹೇಳ್ತೇನೆ."

ತಾಯಾನೆ ಇಬ್ಬರ ಮುಖವನ್ನೂ ನೋಡುತ್ತ ನಿಂತಿತ್ತು. ಅದರ ಕೊರಳಪಟ್ಟಿಯಿಂದ ಮೆಲ್ಲನೆ ಮಾತು ಬಂತು: "ಅಮ್ಮಾ, ಅದು ಎಲ್ಲಿ ಬಿದ್ದಿದ್ದರೆ ಎತ್ತುತ್ತಿದ್ದಿರಿ? ತೋರಿಸಿ, ಅಲ್ಲಿಗೆ ತಳ್ಳುತ್ತೇನೆ."

ಆ ದನಿಯಲ್ಲಿ ಕೊಂಕಿರಲಿಲ್ಲ. ಆನೆ ನಿಜವಾಗಿಯೇ ಕೇಳುತ್ತಿತ್ತು. ದೇಚಮ್ಮನ ಕಿವಿಯ ತುದಿಯವರೆಗೂ ಬಿಸಿಯೇರಿತು. ಬಿಂದು ತಲೆ ತಗ್ಗಿಸಿದಳು.

ದೇಚಮ್ಮ ಜೀಪಿನಿಂದ ಗುದ್ದಲಿ ತಂದು ಕಂದಕದ ಅಂಚನ್ನು ಕಡಿಯತೊಡಗಿದಳು. ಬಿಂದು ಒಳಗಿಳಿದು ಬಿದ್ದ ಮಣ್ಣನ್ನು ಕೈಯಿಂದಲೇ ಎಳೆದು ಇಳಿಜಾರು ಮಾಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಿಸಿಲೇರುವ ಹೊತ್ತಿಗೆ ಮರಿ ಎಡವುತ್ತ ಮೇಲೆ ಬಂದು ತಾಯಿಯ ಕಾಲುಗಳ ನಡುವೆ ಸೇರಿಕೊಂಡಿತು.

ತಪ್ಪಾಯಿತೆಂದು ಹೇಳಲು ದೇಚಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ತಾಯಾನೆಯೇ ಸೊಂಡಿಲು ತಗ್ಗಿಸಿ, "ನಿಮಗೆ ತೊಂದರೆ ಕೊಟ್ಟೆವು, ತಪ್ಪಾಯ್ತು. ಇನ್ನು ಮೇಲೆ ಮರಿಗಳಿಗೂ ಗಡಿ ಹೇಳಿಕೊಡುತ್ತೇನೆ" ಎಂದಿತು.