ಬಹಳ ಉಪಯುಕ್ತ

‘ಇವತ್ತು ಸಿರಾಜುದ್ದೀನರ ಸೈಬರ್ ಕೆಫೆಯಲ್ಲಿ ಕೂತು ಒಂದು ಸುಳ್ಳು ಒತ್ತಿದೆ’ ಎಂದು ಪೂನಂ ಡೈರಿಯಲ್ಲಿ ಬರೆದುಕೊಂಡಳು. ಬರೆದ ಮೇಲೆ ಆ ಸಾಲನ್ನು ಅಂಗೈಯಿಂದ ಮುಚ್ಚಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸುಳ್ಳು ಒತ್ತಿದ್ದು, ಸಾಮಾನು ಕೊಂಡವರು ಅದರ ಗುಣದೋಷ ಬರೆಯುವ ಒಂದು ವೆಬ್‌ಸೈಟಿನಲ್ಲಿ. ಓದಿದವರು ಕೆಳಗೆ ‘ಬಹಳ ಉಪಯುಕ್ತ’, ‘ಉಪಯುಕ್ತ’, ‘ಉಪಯೋಗವಿಲ್ಲ’ ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಹೆಚ್ಚಿನವರು ಓದುವ ಗೋಜಿಗೇ ಹೋಗದೆ, ಸಂಕ್ರಾಂತಿಯ ಎಳ್ಳುಬೆಲ್ಲದ ಹಾಗೆ ಒಬ್ಬರಿಗೊಬ್ಬರು ‘ಬಹಳ ಉಪಯುಕ್ತ’ ಹಂಚಿಕೊಳ್ಳುತ್ತಿದ್ದರು. ಪೂನಂ ಮಾತ್ರ ಪ್ರತಿಯೊಂದನ್ನೂ ಎರಡೆರಡು ಸಲ ಓದುವಳು. ಬರೆದವರು ಸಾಮಾನನ್ನು ನಿಜವಾಗಿ ಬಳಸಿದ್ದಾರೆಯೇ, ಒಂದಾದರೂ ಕುಂದು ಹೇಳಿದ್ದಾರೆಯೇ ಎಂದು ನೋಡಿ ಒತ್ತುವಳು. ನಾಗಪುರದವನೊಬ್ಬ ಫ್ಯಾನನ್ನು ನಾಲ್ಕು ಪುಟ ಹೊಗಳಿದ್ದ. ‘ಸದ್ದು ಮಾಡುತ್ತದೆಯೋ ಇಲ್ಲವೋ ತಿಳಿಸಿಲ್ಲ’ ಎಂದು ಬರೀ ‘ಉಪಯುಕ್ತ’ ಕೊಟ್ಟು ಅವನಿಂದ ಬೈಸಿಕೊಂಡಿದ್ದಳು. ಮನೆಗೆ ಬಂದವರಿಗೆ ನೀರು ಕೊಡುವಾಗಲೂ ತುಟಿ ಬಿಚ್ಚದ ಹುಡುಗಿ ಅಲ್ಲಿ ಮಾತ್ರ ನ್ಯಾಯಾಧೀಶೆ. ಇನ್ನೂರ ಹನ್ನೊಂದು ತೀರ್ಪುಗಳಲ್ಲಿ ಕೆಟ್ಟದ್ದು ಇವತ್ತಿನದೊಂದೇ. ಅದು ಅಣ್ಣನ ಹೆಂಡತಿ, ವೈನಿ ಭುವನೇಶ್ವರಿಯ ಕುಕ್ಕರಿನದು.

ನಿನ್ನೆ ಮಂಠಾಳದಿಂದ ಬೀಗರು ಬರುವವರಿದ್ದರು. ವೈನಿ ಹೊಸ ಕುಕ್ಕರಿನ ಕುತ್ತಿಗೆಮಟ್ಟ ತೊಗರಿಬೇಳೆ ತುಂಬಿ, ಮುಚ್ಚಳ ಬಿಗಿದು, ಗೋಡೆಯಾಚೆಯ ಸೋನುಬಾಯಿಯ ಜೊತೆ ಮಾತಿಗೆ ನಿಂತಳು. ‘ವೈನಿ, ಬ್ಯಾಳಿ ಜಾಸ್ತಿ ಆತು’ ಎಂಬ ಮಾತು ಪೂನಂಳ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಸ್ವಲ್ಪ ಹೊತ್ತಿಗೆ ಸೇಫ್ಟಿ ವಾಲ್ವ್ ಹಾರಿತು. ಕುಕ್ಕರು ಒಲೆಯಿಂದ ಉರುಳಿ ಅಂಚು ಸೊಟ್ಟಗಾಯಿತು, ಬೇಳೆ ತೊಲೆಗೆ ಅಂಟಿತು. ಬೀಗರು ಮೊಸರನ್ನ ಉಂಡು ಎದ್ದುಹೋದರು.

ಇವತ್ತು ವೈನಿ ಸೈಬರ್ ಕೆಫೆಯಲ್ಲಿ ಅವಳ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು, ತನ್ನ ಹೆಸರಲ್ಲೊಂದು ಖಾತೆ ತೆರೆಸಿ, “ಬರಿ” ಎಂದಿದ್ದಳು. “ಅಳತಿ ಪ್ರಕಾರ ಬ್ಯಾಳಿ ಹಾಕಿದ್ದೆ. ಕುಕ್ಕರ್ ಬಾಂಬಿನಂಗ ಹಾರ್ತು. ಜೀವ ಉಳದದ್ದೇ ದೊಡ್ಡದು.”

ಪೂನಂ ಅದನ್ನು ಇಂಗ್ಲಿಷಿಗೆ ಇಳಿಸಿದಳು. ಬಿ.ಎ. ಓದಿ ಕಲಿತ ಇಂಗ್ಲಿಷಿಗೆ ಇಂಥ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ತೊಲೆಯಿಂದ ಬೇಳೆ ತೊಟ್ಟಿಕ್ಕುವ ಭಾಗವನ್ನಂತೂ ಮೂರು ಸಲ ತಿದ್ದಿದಳು.

“ಈಗ ನಿನ್ನ ಹೆಸರಲೇ ಒತ್ತು. ಎಲ್ಲಕ್ಕಿಂತ ಮ್ಯಾಲಿಂದು ಒತ್ತು,” ಎಂದಳು ವೈನಿ. ಪೂನಂ ‘ಬಹಳ ಉಪಯುಕ್ತ’ ಒತ್ತಿದಳು.

ಹತ್ತು ದಿನಗಳಲ್ಲಿ ದಿಲ್ಲಿ, ಪುಣೆ, ಮದ್ರಾಸಿನವರೆಲ್ಲ ಸೇರಿ ‘ಬಹಳ ಉಪಯುಕ್ತ’ ಇಪ್ಪತ್ತಾರಕ್ಕೆ ಏರಿತು. ವೈನಿ ಪ್ರಿಂಟ್ ತೆಗೆಸಿದಳು. ಸೊಟ್ಟ ಕುಕ್ಕರನ್ನು ವಾಯರ್ ಚೀಲಕ್ಕೆ ತುರುಕಿದಳು. ಬದಲಿ ಕುಕ್ಕರ್ ಕೇಳಲೆಂದು ಪೂನಂಳ ಕೈ ಹಿಡಿದು ಬಸವಕಲ್ಯಾಣದಿಂದ ಹುಮನಾಬಾದಿನ ಬಸ್ಸು ಹತ್ತಿದಳು.

ಅದನ್ನು ಮಾರಿದ್ದ ಭಾಂಡೆ ಅಂಗಡಿಯ ಬಸವಣಪ್ಪ, ಪಾತ್ರೆಪಗಡಗಳ ನಡುವೆ ಕೂತು ಕುಕ್ಕರನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಕ್ಕೋರ, ಮೂವತ್ತು ವರ್ಷ ಆತು ಭಾಂಡೆ ಮಾರಾಕತ್ತು. ಹಿಂಗ ತಾನಾಗೇ ಹಾರಿದ್ದು ಒಂದೂ ನೋಡಿಲ್ರಿ.”

“ನೀವು ನೋಡಿಲ್ಲಂದ್ರ ಸುಳ್ಳೇನ್ರಿ ಕಾಕಾ? ದಿಲ್ಲಿ ಮಂದಿ ನಂಬ್ಯಾರ, ನಿಮಗೇನು ಧಾಡಿ?” ವೈನಿ ಕಾಗದ ಚಾಚಿದಳು.

“ಇಂಗ್ಲೀಷ್ ನನಗ ಬರಂಗಿಲ್ರಿ. ಯವ್ವಾ, ನೀ ಓದಿದಾಕಿ ಕಾಣ್ತಿ. ಕನ್ನಡದಾಗ ಹೇಳು, ಕೇಳ್ತೀನಿ.”

ಪೂನಂ ಹೇಳಿದಳು. ‘ಅಳತಿ ಪ್ರಕಾರ’ ಎಂಬುದನ್ನು ಬೇಗ ದಾಟಿಸಿದಳು. ಬೇಳೆ ತೊಟ್ಟಿಕ್ಕುವಲ್ಲಿ ಬಸವಣಪ್ಪ ತಮಗರಿವಿಲ್ಲದೆ ತಲೆಯೆತ್ತಿ ಅಂಗಡಿಯ ಛಾವಣಿ ನೋಡಿದರು. ಕೊನೆಗೆ ಇಪ್ಪತ್ತಾರು ಮಂದಿ ‘ಬಹಳ ಉಪಯುಕ್ತ’ ಒತ್ತಿದ್ದನ್ನೂ ಹೇಳಿದಳು.

“ಇಪ್ಪತ್ತಾರು ಶಿಕ್ಕಾ ಬಿದ್ದಾವಂದ್ರ ಕಮ್ಮಿ ಅಲ್ಲ ಬಿಡ್ರಿ. ಇದರಾಗ ನಿಂದೂ ಅದೇನವ್ವಾ?”

“ಪೈಲಾ ಶಿಕ್ಕಾನೇ ಆಕಿದು, ಎಲ್ಲಾರಕಿಂತ ಮೊದಲ ಒತ್ತಿದಾಕಿ!” ಎಂದಳು ವೈನಿ. “ನಮ್ಮ ಪೂನಂ ಹಂಗೆಲ್ಲ ಸುಮ್ಸುಮ್ನ ಒತ್ತಾಕಿ ಅಲ್ಲ ಕಾಕಾ. ನಾಗಪುರದವನ್ನ ಅಳಸ್ಯಾಳ!”

ಬಸವಣಪ್ಪನವರ ಮುಖ ಸಣ್ಣದಾಯಿತು. ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಅದೇ ಕಂಪನಿಯ ಹೊಸ ಕುಕ್ಕರ್ ಇಳಿಸಿ, ಧೋತರದ ಅಂಚಿನಿಂದ ಧೂಳು ಒರೆಸಲು ಹೋದವರು ತಟಕ್ಕನೆ ಕೈ ತಡೆದರು. “ಛೇ, ಇದನ್ನ ಹ್ಯಾಂಗ ಕೊಡ್ಲಿ? ಇದೂ ಹಾರಿದ್ರ? ಬ್ಯಾರೆ ಕಂಪನಿದು ಕೊಡ್ತೀನಿ ಅಕ್ಕೋರ, ಸ್ವಲ್ಪ ತುಟ್ಟಿದೇ ಒಯ್ಯಿರಿ.”

ವೈನಿ ಬೇರೆ ಕಂಪನಿಯ ಕುಕ್ಕರನ್ನು ಆಗಲೇ ಆರಿಸಿ ವಾಯರ್ ಚೀಲಕ್ಕೆ ಇಳಿಸಿದ್ದಳು. ಬಸವಣಪ್ಪ ಮಾತ್ರ ಸ್ಟೂಲು ಬಿಡಲಿಲ್ಲ. ಹಲಗೆಯ ಮೇಲೆ ಉಳಿದಿದ್ದ ಅದೇ ಕಂಪನಿಯ ಕುಕ್ಕರುಗಳನ್ನು ಹತ್ತಿ ಇಳಿದು ಒಂದೊಂದಾಗಿ ನೆಲಕ್ಕಿಡತೊಡಗಿದರು.

“ಇವನ್ನ ಯಾಕ ಇಳಸಾಕತ್ತೀರಿ ಕಾಕಾ?”

“ಇನ್ನೇನ್ರಿ? ಇಷ್ಟು ಮಂದಿ ಶಾಣ್ಯಾರು ಓದಿ ಹೌದಂದಾರ. ಗೊತ್ತಾದ ಮ್ಯಾಲೂ ಮಾರಿದ್ರ ಯಾರದರ ಮನಿ ಹೆಣ್ಮಕ್ಕಳ ಮಾರಿ ಸುಟ್ಟೀತು. ಲುಕ್ಸಾನ್ ಆದ್ರ ಆಗ್ಲಿ, ನನ್ನ ಕೈಲೆ ಆ ಕೆಲಸ ಬ್ಯಾಡ.”

ಒಂದು ಇಳಿಯಿತು. ಎರಡು. ಮೂರನೆಯದನ್ನು ಎದೆಗವಚಿಕೊಂಡು ಬಸವಣಪ್ಪ ಮುದಿ ಕಾಲಿನಿಂದ ಸ್ಟೂಲಿನ ಅಂಚು ಹುಡುಕುತ್ತಿದ್ದರು.

“ಕಾಕಾ, ಇಳಸಬ್ಯಾಡ್ರಿ!”

ಅಷ್ಟು ದೊಡ್ಡ ದನಿ ಯಾರದೆಂದು ವೈನಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

“ಬ್ಯಾಳಿ ಕುತ್ತಿಗಿಮಟ ತುಂಬಿತ್ರಿ,” ಎಂದಳು ಪೂನಂ. “ದಿಲ್ಲಿ ಮಂದಿ ನಮ್ಮ ಅಡಗಿಮನ್ಯಾಗ ಇದ್ದಿಲ್ಲ. ನಾ ಇದ್ದೆ.”