ಕೌದಿಗೆ ಇಟ್ಟ ರೊಟ್ಟಿ

ಕಸದ ಗಾಡಿಗೆಂದು ಮಗಳು ಕಟ್ಟಿಟ್ಟ ಹಳೆಯ ಬಟ್ಟೆಗಳ ಗಂಟಿನ ವಾಸನೆ ಮೂಗಿಗೆ ತಾಗಿದರೆ, ಗಜೇಂದ್ರಗಡದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ತೀರಿಕೊಂಡು ತಿಂಗಳಾಗಿತ್ತು. ನನ್ನಜ್ಜಿ, ಆಯಿ, ಪಡಸಾಲೆಯಲ್ಲಿ ಕೂತು ಅವ್ವನ ಸೀರೆಗಳನ್ನು ಹರಿದು, ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು. ಒಗೆದು ಒಗೆದು ಮೆತ್ತಗಾಗಿದ್ದ ಆ ಸೀರೆಗಳು ಹರಿಯುವಾಗ ಸಪ್ಪಳವನ್ನೂ ಮಾಡಲಿಲ್ಲ.

“ಹರೀಬ್ಯಾಡ ಆಯಿ,” ಎಂದು ನಾನು ಅಳತೊಡಗಿದೆ.

“ಅರಿವಿ ಚೆಲ್ಲಬಾರದು, ಕೂಸ. ಹೊತ್ಕೊಂಡ್ರ ನಿಮ್ಮವ್ವನ ಕೂಡ ಮಲಗಿದಂಗ ಆಕ್ಕೈತಿ.”

ಕೊನೆಗೆ, ಮೂಲೆಯೊಳಗೆ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿದು ಮುಚ್ಚಿದಳು. “ಕೌದಿ ಹಸದಿರಬಾರದು,” ಎಂದಳು.

ನಾನು ಓಡಿಹೋಗಿ ಬುಟ್ಟಿಯಿಂದ ಇಡೀ ರೊಟ್ಟಿ ತಂದೆ.

“ಅವ್ವ ಕಡೀಕ ಏನೂ ಉಂಡೇ ಇಲ್ಲ, ಆಯಿ.”

ಆಯಿ ಮುಚ್ಚಿದ್ದ ಮೂಲೆಯ ಹೊಲಿಗೆಯನ್ನು ಬಿಚ್ಚತೊಡಗಿದಳು.